ಫೌಜದಾರಿ ವಕೀಲರ ಉತ್ತರಶಿಕ್ಷಣ

ಹಿಂದೆ ಬಸವನ ಬಾಗೇವಾಡಿಗೆ ಸೇರಿದ್ದು ಈಗ ಪ್ರತ್ಯೇಕ ತಾಲೂಕಾಗಿರುವ ನಿಡಗುಂದಿಯಂತಹ ಊರಿನಲ್ಲಿ ಒಬ್ಬ ಒಕ್ಕಲಿಗನ ಮೇಲೆ ಖೂನಿಯ ಆರೋಪ ಬಂದಿತೆಂದರೆ, ಅವನ ಪ್ರಾಣವೂ ಅವನ ಮನೆತನದ ಮಾನವೂ ದಂಡಶಾಸನದ ಕಲಮುಗಳನ್ನು ಎಷ್ಟು ಅವಲಂಬಿಸಿರುತ್ತವೆಯೋ, ಅವನ ಪರವಾಗಿ ವಕಾಲತ್ತು ವಹಿಸಿದವನು ಪದವಿಯ ತರುವಾಯ ಯಾರ ಬಳಿ ಏನನ್ನು ಕಲಿತನೆಂಬುದನ್ನೂ ಅಷ್ಟೇ ಅವಲಂಬಿಸಿರುತ್ತವೆ. ಆ ಕಲಿಕೆಗೆ ಈ ವಿಜಾಪುರ ಸೀಮೆಯಲ್ಲಿ ದೀರ್ಘವಾದ ಚರಿತ್ರೆಯುಂಟು. ಆದರೆ ಅದಕ್ಕೊಂದು ಶಾಲೆ ಮಾತ್ರ ಇನ್ನೂ ಏರ್ಪಟ್ಟಿಲ್ಲ.

1818ರಲ್ಲಿ ಪೇಶ್ವೆಯ ಆಡಳಿತ ಅಳಿದ ಮೇಲೆ, ಮುಂಬಯಿ ಪ್ರಾಂತದಲ್ಲಿ 1827ರ ಮುಂಬಯಿ ರೆಗ್ಯುಲೇಷನ್ನುಗಳು ಅಪರಾಧಗಳಿಗೂ ನ್ಯಾಯಸ್ಥಾನಗಳಿಗೂ ಸನ್ನದು ಪಡೆದ ವಕೀಲರಿಗೂ ಲಿಖಿತ ನಿಯಮಗಳನ್ನು ಒದಗಿಸಿದವು. 1862ರ ಜನವರಿ 1ರಿಂದ ಭಾರತೀಯ ದಂಡಸಂಹಿತೆ ಜಾರಿಗೆ ಬಂದಿತು. ಅದೇ ವರ್ಷ ಮುಂಬಯಿಯ ಹೈಕೋರ್ಟು ಸ್ಥಾಪಿತವಾಯಿತು. ಹತ್ತು ವರ್ಷಗಳ ತರುವಾಯ ಸಾಕ್ಷ್ಯದ ಕಾಯಿದೆ ಬಂದಿತು. ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರವು 1885ರ ಸುಮಾರಿಗೆ ವಿಜಾಪುರಕ್ಕೆ ಸಾಗಿದಂದಿನಿಂದ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಖಟ್ಲೆಗಳಿಗೆಲ್ಲ ಆ ನಗರವೇ ನೆಲೆಯಾಯಿತು.

ಅಂದಿನ ವ್ಯವಸ್ಥೆಯಲ್ಲಿ ಎಲ್.ಎಲ್.ಬಿ. ಎಂಬುದೇ ಪದವಿಯ ಮೇಲಣ ಪದವಿಯಾಗಿದ್ದಿತು. ಅದಕ್ಕಾಗಿ ಈ ಕಡೆಯ ತರುಣರು 1855ರಲ್ಲಿ ಹುಟ್ಟಿದ ಮುಂಬಯಿಯ ಸರ್ಕಾರಿ ಕಾನೂನು ಕಾಲೇಜಿಗೋ, 1924ರ ಅನಂತರ ಪುಣೆಗೋ ಹೋಗಬೇಕಾಗಿದ್ದಿತು. 1939ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿಯ ಕಾಲೇಜು ತೆರೆದಾಗಲೇ ಕನ್ನಡ ನೆಲದ ಈ ಭಾಗಕ್ಕೆ ಆ ವಿದ್ಯೆ ಹತ್ತಿರವಾದುದು. ವಚನ ಸಾಹಿತ್ಯದ ಉದ್ಧಾರಕರೆಂದು ನಾವೆಲ್ಲ ಸ್ಮರಿಸುವ ಫ.ಗು. ಹಳಕಟ್ಟಿಯವರು ಮುಂಬಯಿಯಲ್ಲಿ 1904ರಲ್ಲಿ ಕಾನೂನು ಪದವಿ ಪಡೆದು, ವಿಜಾಪುರದಲ್ಲಿ ವಕೀಲರಾಗಿ, ಸರ್ಕಾರಿ ವಕೀಲರೂ ಆದವರು. ಮನೆಮನೆಯ ತಾಳೆಗರಿಗಳನ್ನು ಅರಸಿ, ಪಾಠಗಳನ್ನು ಒಂದಕ್ಕೊಂದು ತಾಳೆ ನೋಡಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಅವರ ಪರಿಶ್ರಮದಲ್ಲಿ ಸಾಕ್ಷ್ಯವನ್ನು ಒರೆಗೆ ಹಚ್ಚುವ ವಕೀಲನ ಶಿಸ್ತನ್ನೂ ನಾನು ಕಾಣುತ್ತೇನೆ.

ಆದರೆ ಕಾಲೇಜು ಕಲಿಸಿದುದು ಶಾಸ್ತ್ರವನ್ನು. ಪ್ರಯೋಗವನ್ನು ಕಲಿಸಿದವರು ಹಿರಿಯ ವಕೀಲರು. ಅವರ ಕಚೇರಿಯಲ್ಲಿ ಕಿರಿಯನಿಗೆ ಮೊದಲು ದೊರೆಯುತ್ತಿದ್ದುದು ವಾದವಲ್ಲ, ಪಂಚನಾಮೆ. ಕುಡಗೋಲು ದೊರೆತ ಸ್ಥಳ ಯಾವುದು, ಪಂಚರು ಸಹಿ ಹಾಕಿದುದು ಹೊಲದಲ್ಲೋ ಠಾಣೆಯಲ್ಲೋ, ಫಿರ್ಯಾದಿ ದಾಖಲಾದ ಹೊತ್ತಿಗೂ ಹೆಣವನ್ನು ಪರೀಕ್ಷೆಗೆ ಕಳುಹಿದ ಹೊತ್ತಿಗೂ ಎಷ್ಟು ಅಂತರ ಎಂದು ಸಾಲುಸಾಲಾಗಿ ಓದಿ ಟಿಪ್ಪಣಿ ಬರೆಯಬೇಕು. ಬದುವಿನ ಮೇಲೆ ನಿಂತು ಕಣ್ಣಾರೆ ಕಂಡೆನೆಂದು ಸಾಕ್ಷಿ ನುಡಿದರೆ, ಆ ತಿಂಗಳಲ್ಲಿ ಎರೆಯ ಹೊಲದ ಹಿಂಗಾರಿ ಜೋಳ ಎಷ್ಟು ಎತ್ತರ ಬೆಳೆದಿರುತ್ತದೆ, ಅದರಾಚೆಯ ಮನುಷ್ಯನ ಮುಖ ಕಾಣುವುದೇ ಎಂದು ಯೋಚಿಸಬೇಕು. ಪಾಟೀಸವಾಲಿನಲ್ಲಿ ಯಾವುದನ್ನು ಕೇಳಬೇಕೆಂಬುದಕ್ಕಿಂತ ಯಾವುದನ್ನು ಕೇಳಬಾರದೆಂಬುದನ್ನು ಕಲಿಯಲು ಹೆಚ್ಚು ಕಾಲ ಬೇಕಾಗುತ್ತಿದ್ದಿತು. ಈ ಗುರುಕುಲಕ್ರಮ ಮಹತ್ತಾದುದು, ನಿಜ. ಆದರೆ ಅದರ ಬಾಗಿಲು ಪರಿಚಯವುಳ್ಳವರಿಗೆ ಬೇಗ ತೆರೆಯುತ್ತಿದ್ದಿತು, ಬಡವನ ಮಗನಿಗೆ ತಡವಾಗಿ.

ಈ ಕೊರತೆಯನ್ನು ನೀಗಿಸಲು ಸ್ವಾತಂತ್ರ್ಯಾನಂತರ ನಡೆದ ಯತ್ನಗಳು ಒಂದಾದ ಮೇಲೊಂದು ಕುಸಿದುವು. 1961ರ ವಕೀಲರ ಅಧಿನಿಯಮವು ಪದವಿಯ ಮೇಲೆ ತರಬೇತಿಯನ್ನೂ ಪರೀಕ್ಷೆಯನ್ನೂ ವಿಧಿಸಿದ್ದಿತು. 1973ರ ತಿದ್ದುಪಡಿ ಅದನ್ನು ಕೈಬಿಟ್ಟಿತು. 1995ರಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ವರ್ಷದ ತರಬೇತಿಯನ್ನು ಕಡ್ಡಾಯಗೊಳಿಸಿದಾಗ, ಪರಿಷತ್ತಿಗೆ ಆ ಅಧಿಕಾರವಿಲ್ಲವೆಂದು 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಯಮಗಳನ್ನು ರದ್ದುಪಡಿಸಿತು. ಅನಂತರ 2010ರಲ್ಲಿ ಗೊತ್ತುಪಡಿಸಿದ ಅಖಿಲ ಭಾರತ ವಕೀಲರ ಪರೀಕ್ಷೆಯು ಸರಿಯುತ್ತರವನ್ನು ಗುರುತಿಸುವ ಶಕ್ತಿಯನ್ನು ಅಳೆಯುತ್ತದೆ. ಸಾಕ್ಷಿಯ ಕಟ್ಟೆಯೆದುರು ನಿಲ್ಲುವ ಶಕ್ತಿಯನ್ನು ಅಳೆಯುವುದಿಲ್ಲ. ಎಲ್.ಎಲ್.ಎಂ. ಪದವಿ ಹೆಚ್ಚಾಗಿ ಅಧ್ಯಾಪಕರನ್ನು ಸಿದ್ಧಗೊಳಿಸುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಾನೂನು ಪದವೀಧರರಿಗೆ ಮಾಸಿಕ ಭತ್ಯೆಯಿತ್ತು ಹಿರಿಯ ವಕೀಲರ ಬಳಿ ಕಲಿಯಲು ಕಳುಹುವ ರಾಜ್ಯ ಸರ್ಕಾರದ ನ್ಯಾಯಾಡಳಿತ ತರಬೇತಿಯೊಂದು ಮಾತ್ರ ಆ ಹಳೆಯ ಬಾಗಿಲನ್ನು ಸ್ವಲ್ಪವಾದರೂ ಅಗಲಗೊಳಿಸಿತು.

ಇತ್ತ ನ್ಯಾಯಸ್ಥಾನವಾದರೋ ಹತ್ತಿರವಾಗುತ್ತ ಬಂದಿತು. ಒಂದು ಕಾಲಕ್ಕೆ ಮುಂಬಯಿಗೂ 1956ರ ತರುವಾಯ ಬೆಂಗಳೂರಿಗೂ ಹೋಗುತ್ತಿದ್ದ ಈ ಸೀಮೆಯ ಮೇಲ್ಮನವಿಗಳು 2008ರಿಂದ ಕಲಬುರಗಿಯ ಪೀಠದ ಮುಂದೆ ನಡೆಯುತ್ತಿವೆ. ಬಡ ಆರೋಪಿಗಳ ರಕ್ಷಣೆಗೆಂದು 2022ರಲ್ಲಿ ರೂಪುಗೊಂಡ ಕಾನೂನು ನೆರವು ವಕೀಲರ ವ್ಯವಸ್ಥೆಯು ತನ್ನ ಮುಖ್ಯಸ್ಥನಿಗೆ ಹತ್ತು ವರ್ಷಗಳಾದರೂ ಫೌಜದಾರಿ ಅನುಭವವಿರಬೇಕೆಂದು ವಿಧಿಸಿತು. ಅನುಭವವನ್ನು ಬೇಡುವ ವ್ಯವಸ್ಥೆ ಬಂದಿತು. ಅನುಭವವನ್ನು ಕ್ರಮವಾಗಿ ಕೊಡುವ ವ್ಯವಸ್ಥೆ ಬರಲಿಲ್ಲ.

2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ, ಸಾಕ್ಷ್ಯದ ಕಾಯಿದೆ ಮುಂತಾದವುಗಳ ಸ್ಥಾನದಲ್ಲಿ ಮೂರು ಹೊಸ ಕಾನೂನುಗಳು ಜಾರಿಗೆ ಬಂದಮೇಲಂತೂ ಹಿರಿಯರೂ ಮತ್ತೆ ವಿದ್ಯಾರ್ಥಿಗಳಾಗಬೇಕಾಗಿದೆ. ಶೋಧನೆಯನ್ನೂ ಜಪ್ತಿಯನ್ನೂ ದೃಶ್ಯಧ್ವನಿಗಳಲ್ಲಿ ಮುದ್ರಿಸತಕ್ಕದ್ದೆಂದೂ, ಏಳು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಬರತಕ್ಕದ್ದೆಂದೂ ವಿಧಿಯಿರುವಾಗ, ಪಂಚನಾಮೆಯ ಕಾಗದವನ್ನು ಓದುವ ಜಾಣ್ಮೆಯೊಂದೇ ಸಾಲದು. ಮೊಬೈಲಿನ ಮುದ್ರಣ ಎಲ್ಲಿ ತುಂಡಾಯಿತೆಂಬುದನ್ನೂ ಅರಿಯಬೇಕು. ಇದನ್ನು ಒಬ್ಬ ಹಿರಿಯರ ಕಚೇರಿ ಒಂಟಿಯಾಗಿ ಕಲಿಸಲಾರದು. ಆದುದರಿಂದ ಅನುಭವಿ ವಕೀಲರೂ ವೈದ್ಯರೂ ವಿಧಿವಿಜ್ಞಾನಿಗಳೂ ಕೂಡಿ, ಕನ್ನಡದಲ್ಲಿಯೇ, ಮುಗಿದ ಖಟ್ಲೆಗಳ ಕಡತಗಳನ್ನು ಮುಂದಿಟ್ಟುಕೊಂಡು ಪಾಠ ಹೇಳುವ ಒಂದು ವರ್ಷದ ಉತ್ತರಶಿಕ್ಷಣವು ಜಿಲ್ಲೆಜಿಲ್ಲೆಗಳಲ್ಲಿ ಏರ್ಪಡಬೇಕು. ಪದವಿಯ ಮೇಲೆ ತರಬೇತಿ ಬೇಕೆಂಬುದು 1961ರಲ್ಲಿ ಶಾಸನವೇ ಒಪ್ಪಿದ್ದ ಮಾತು. ಸಂಸತ್ತು ಅದನ್ನು ಮರಳಿ ಎತ್ತಿಕೊಂಡರೆ ನಿಡಗುಂದಿಯ ಆರೋಪಿಗೂ ರಾಜಧಾನಿಯ ಆರೋಪಿಗೂ ಒಂದೇ ತರದ ರಕ್ಷಣೆ ದೊರೆಯುವುದು.