ಹೆದ್ದಾರಿಯ ಆ ತುದಿಯಲ್ಲಿ ಒಂದು ಆಮೆ

ರೂಪನಗುಡಿಯಲ್ಲಿ ಹುಟ್ಟಿ ಬೆಳೆದ ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಆಮೆ ಕಲ್ಲಿನದ್ದು. ಗುಡಿಯೊಳಗೆ ಕಾಲಿಡುವಾಗ ನೆಲದ ಹಾಸುಗಲ್ಲಿನ ಮೇಲೆ ಕೆತ್ತಿರ್ತಾರಲ್ಲ, ಅದು. "ಅದನ್ನ ತುಳೀಬ್ಯಾಡೋ" ಅಂತ ಅಜ್ಜಿ ಪ್ರತಿ ಸಲ ಕೈ ಹಿಡಿದು ಪಕ್ಕಕ್ಕೆ ಎಳೀತಿದ್ದಳು. ಜೀವಂತ ಕಡಲಾಮೆಯನ್ನ ನೋಡಿದ್ದು ಮೊನ್ನೆ ಫೆಬ್ರವರಿಯಲ್ಲಿ, ಹೊನ್ನಾವರದ ಕಾಸರಕೋಡು ಟೊಂಕದಲ್ಲಿ. ಅದೂ ಎರಡನೇ ರಾತ್ರಿ. ಮೊದಲನೇ ರಾತ್ರಿಯ ಕತೆ ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ.

ಬಳ್ಳಾರಿಯವರಿಗೆ ಕಡಲು ದೂರ ಅನ್ನಿಸಬಹುದು. ಆದರೆ ನಮ್ಮ ಊರ ಕಡೆಯ ದೊಡ್ಡ ರಸ್ತೆ, ಹಳೆಯ ಎನ್‌ಎಚ್ 63, ಗುತ್ತಿಯಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ನೆಟ್ಟಗೆ ಅಂಕೋಲಾದ ಸಮುದ್ರಕ್ಕೆ ಹೋಗಿ ಮುಟ್ಟುತ್ತಿತ್ತು. ಇನ್ನೂ ಹಿಂದಕ್ಕೆ ಹೋದರೆ ಥಾಮಸ್ ಮನ್ರೋ ಕೂಡ ಹೀಗೇ ಬಂದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಜಿಲ್ಲೆಯ ಕಲೆಕ್ಟರ್ ಆದ, ಮರುವರ್ಷವೇ ಅಲ್ಲಿಂದ ನಮ್ಮ ಸೀಡೆಡ್ ಜಿಲ್ಲೆಗಳಿಗೆ ಬಂದ. ಆಗ ಕರಾವಳಿಯೂ ಬಳ್ಳಾರಿಯೂ ಒಂದೇ ಮದ್ರಾಸಿನ ಅಧೀನ. ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಹೋಗಿದ್ದು 1862ರಲ್ಲಿ.

ಆಮೇಲೆ ಆ ರಸ್ತೆಯಲ್ಲಿ ಹೋಗಿದ್ದು ನಮ್ಮ ಮಣ್ಣು. 2000ದ ದಶಕದಲ್ಲಿ ಬಳ್ಳಾರಿ-ಸಂಡೂರಿನ ಅದಿರು ತುಂಬಿದ ಲಾರಿಗಳು ಹಗಲು ರಾತ್ರಿ ಸಾಲುಗಟ್ಟಿ ಬೇಲೇಕೇರಿ, ಕಾರವಾರ ಬಂದರುಗಳ ಕಡೆ ಓಡಿದ್ದನ್ನ ಕಂಡವರಿಗೆ ಹೇಳಬೇಕಾಗಿಲ್ಲ. ರಸ್ತೆ ಬದಿಯ ಗಿಡಗಳೆಲ್ಲ ಕೆಂಪು. 2010ರಲ್ಲಿ ಬೇಲೇಕೇರಿಯಲ್ಲಿ ಮುಟ್ಟುಗೋಲು ಹಾಕಿದ್ದ ಲಕ್ಷಾಂತರ ಟನ್ ಅದಿರು ಮಾಯವಾಯ್ತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೆ ಬಗ್ಗೆ ಬರೀತಾ ಅದಿರು ಯಾಕೆ ಅಂತೀರಾ? ಸ್ವಲ್ಪ ತಾಳಿ.

ಟೊಂಕ ಅಂದ್ರೆ ಶರಾವತಿ ಸಮುದ್ರ ಸೇರುವ ಜಾಗದ ಪಕ್ಕದ ಮರಳು. ಒಂದು ಕಡೆ ಮೀನು ಒಣಗಿಸೋ ಜಾಗ, ಇನ್ನೊಂದು ಕಡೆ ಮೀನುಗಾರರ ಮನೆಗಳು. ನಾವು ಉಳಿದುಕೊಂಡಿದ್ದ ಮನೆಯವರ ಪರಿಚಯದ ಹಿರಿಯ ಮೀನುಗಾರರೊಬ್ಬರು ರಾತ್ರಿ ಹನ್ನೊಂದಕ್ಕೆ ಬಂದು "ಬರ್ತೀರೇನು, ಮೇಲೆ ಬರ್ತಾ ಉಂಟು" ಅಂತ ಕರೆದ್ರು. ಓಡಿದ್ವಿ. ಕತ್ತಲಲ್ಲಿ ನೀರಿನಂಚಿಗೆ ಒಂದು ಕಪ್ಪು ಗುಡ್ಡೆ ನಿಧಾನ ಮೇಲಕ್ಕೆ ಬರ್ತಿತ್ತು. ನಾನೇನು ಮಾಡಿದೆ? ಮಗನಿಗೆ ಚೆನ್ನಾಗಿ ಕಾಣಲಿ ಅಂತ ಮೊಬೈಲ್ ಟಾರ್ಚ್ ಹಚ್ಚಿದೆ.

"ಲೈಟ್ ಹಾಕ್ಬೇಡಿ ಮಾರಾಯ್ರೆ!"

ಅಷ್ಟೊತ್ತಿಗೆ ಆಗಿಹೋಗಿತ್ತು. ಆಮೆ ನಿಂತಿತು, ಸುತ್ತು ಹಾಕಿ ತಿರುಗಿತು, ಬಂದ ದಾರಿಯಲ್ಲೇ ನೀರಿಗಿಳಿಯಿತು. ಮೊಟ್ಟೆ ಇಡಲೇ ಇಲ್ಲ. ಅವರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮಗ ಮಾತ್ರ "ಅಪ್ಪಾ, ಅದು ನಿನ್ನಿಂದಲೇ ಹೋಯ್ತು" ಅಂದ.

ಮರುದಿನ ಟಾರ್ಚು ಮೊಬೈಲು ಎಲ್ಲ ಮನೆಯಲ್ಲಿಟ್ಟು ಹೋದ್ವಿ. ಎರಡು ಗಂಟೆ ಮರಳಲ್ಲಿ ಕೂತ ಮೇಲೆ ಇನ್ನೊಂದು ಬಂತು. ಎರಡಡಿಗಿಂತ ಸ್ವಲ್ಪ ಉದ್ದ, ನಲವತ್ತು ಕೆ.ಜಿ. ಆಸುಪಾಸು ಇರಬಹುದು ಅಂದ್ರು ಅಜ್ಜ. ಆಲಿವ್ ರಿಡ್ಲೆ. ಹಿಂಗಾಲುಗಳನ್ನ ಸೌಟಿನ ಹಾಗೆ ಬಳಸಿ, ಒಮ್ಮೆ ಎಡ ಒಮ್ಮೆ ಬಲ, ಹೂಜಿಯ ಆಕಾರದ ಗುಂಡಿ ತೋಡಿತು. ತಿರುಗಿ ನೋಡೋದೂ ಇಲ್ಲ! ಮೊಟ್ಟೆಗಳು ಟೇಬಲ್ ಟೆನ್ನಿಸ್ ಚೆಂಡಿನಷ್ಟು, ಬೆಳ್ಳಗೆ. ಸಾಮಾನ್ಯವಾಗಿ ನೂರರ ಮೇಲೆ ಇಡುತ್ತವೆ. ಕಣ್ಣಿಂದ ನೀರು ಸುರೀತಿತ್ತು. ಅಳು ಅಲ್ಲ, ಮೈಯಲ್ಲಿ ಹೆಚ್ಚಾದ ಉಪ್ಪನ್ನ ಹೊರಗೆ ಹಾಕೋ ಗ್ರಂಥಿ ಅದು. ಗೊತ್ತಿದ್ದೂ ನನ್ನ ಹೆಂಡತಿ ಅತ್ತಳು, ಅದು ಬೇರೆ ಮಾತು :) ಕೊನೆಗೆ ಮರಳು ಮುಚ್ಚಿ, ಇಡೀ ಮೈಯನ್ನ ಎಡಕ್ಕೆ ಬಲಕ್ಕೆ ಎತ್ತಿ ಎತ್ತಿ ಕುಕ್ಕಿ ಆ ಜಾಗ ಗಟ್ಟಿ ಮಾಡಿತು. ನಮ್ಮೂರಲ್ಲಿ ಮಣ್ಣಿನ ನೆಲ ಬಡಿಯೋ ಸದ್ದು ಹೇಗಿರುತ್ತೋ ಹಾಗೆ, ಧಪ್ ಧಪ್.

ಅದು ಹೋದ ಮೇಲೆ ಅಜ್ಜ ಹೇಳಿದ್ದು: "ನಾನು ಸಣ್ಣೋನಿದ್ದಾಗ ಈ ಮೊಟ್ಟೆ ತಿಂದಿದ್ದೇನೆ." ಬಲೆಗೆ ಸಿಕ್ಕ ಆಮೆಯನ್ನ ದೇವರು ಅಂತ ಬಿಟ್ಟುಬಿಡ್ತಿದ್ದರಂತೆ, ಮೊಟ್ಟೆ ಮಾತ್ರ ಬುಟ್ಟಿಗೆ.

ಇದು ಟೊಂಕದ ಕತೆ ಮಾತ್ರ ಅಲ್ಲ. ಒಡಿಶಾದಲ್ಲಿ 1970ರ ದಶಕದವರೆಗೂ ಮೊಟ್ಟೆ ಎತ್ತೋಕೆ ಸರ್ಕಾರವೇ ಪರವಾನಗಿ ಕೊಡ್ತಿತ್ತು, ದೋಣಿಗಟ್ಟಲೆ ಹೋಗ್ತಿತ್ತು. ಅಲ್ಲಿನ ಗಹೀರ್‌ಮಠದಲ್ಲಿ ಲಕ್ಷಗಟ್ಟಲೆ ಆಮೆಗಳು ಒಟ್ಟಿಗೆ ಮೇಲೆ ಬರ್ತವೆ ಅಂತ ಹೊರಜಗತ್ತಿಗೆ ತಿಳಿದದ್ದು 1974ರಲ್ಲಿ, ಮೊಸಳೆ ತಜ್ಞ ಎಚ್.ಆರ್. ಬಸ್ಟರ್ಡ್ ಅವರಿಂದ. ಕಡಲಾಮೆಗಳು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು, ಅಂದ್ರೆ ಕಾನೂನಿನ ಕಣ್ಣಲ್ಲಿ ಹುಲಿಗೆ ಸಮ. ಕಾಯ್ದೆ ಬಂದ ಮೇಲೂ ಮಾಂಸದ ವ್ಯಾಪಾರ ನಡೆದೇ ಇತ್ತು. 1980ರ ದಶಕದ ಆರಂಭದಲ್ಲಿ ಇಂದಿರಾ ಗಾಂಧಿ ಕರಾವಳಿ ರಕ್ಷಣಾ ಪಡೆಯನ್ನೇ ಆಮೆ ಕಾಯೋಕೆ ಹಚ್ಚಬೇಕಾಯ್ತು.

ಆ ಕಾಲದಲ್ಲಿ ಭಾರತದ ಕಡಲತೀರಗಳನ್ನ ಕಾಲ್ನಡಿಗೆಯಲ್ಲೇ ಅಳೆದ ಒಬ್ಬ ಮನುಷ್ಯ ಇದ್ದರು. ಸತೀಶ್ ಭಾಸ್ಕರ್. 1982ರ ಮಳೆಗಾಲದಲ್ಲಿ ಲಕ್ಷದ್ವೀಪದ ಸುಹೇಲಿ ಅನ್ನೋ ನಿರ್ಜನ ದ್ವೀಪದಲ್ಲಿ ಹಸಿರು ಆಮೆಗಳನ್ನ ಎಣಿಸುತ್ತಾ ತಿಂಗಳುಗಟ್ಟಲೆ ಒಬ್ಬರೇ ಉಳಿದರು. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಹೋಗೋಲ್ಲ. ಹೆಂಡತಿಗೆ ಪತ್ರ ಬರೆದು ಬಾಟಲಿಯಲ್ಲಿ ತುಂಬಿ ಸಮುದ್ರಕ್ಕೆ ಎಸೆದರು. ಅದು ತೇಲಿಕೊಂಡು ಹೋಗಿ ಶ್ರೀಲಂಕಾದ ಮೀನುಗಾರನೊಬ್ಬನಿಗೆ ಸಿಕ್ಕಿ, ಆತ ಅದನ್ನ ಅಂಚೆಗೆ ಹಾಕಿ, ಪತ್ರ ಹೆಂಡತಿಯ ಕೈ ಸೇರಿತು. ಸಿನಿಮಾದಲ್ಲಿ ತೋರಿಸಿದ್ರೆ ನಂಬ್ತಿರಲಿಲ್ಲ ನಾನು. 2023ರಲ್ಲಿ ಅವರು ತೀರಿಕೊಂಡರು.

ಆದರೆ ಮೊಟ್ಟೆ ತಿನ್ನೋರೇ ಮೊಟ್ಟೆ ಕಾಯೋರಾಗಿದ್ದು ಕಾನೂನಿಂದ ಮಾತ್ರ ಅಂತ ನನಗನ್ನಿಸಲ್ಲ. ಕೇರಳದ ಪಯ್ಯೋಳಿ ಹತ್ತಿರದ ಕೊಳಾವಿಪಾಲಂನಲ್ಲಿ 1992ರಲ್ಲಿ ಕೆಲವು ಮೀನುಗಾರ ಹುಡುಗರು ಪತ್ರಿಕೆಯಲ್ಲಿ ಆಮೆ ಬಗ್ಗೆ ಲೇಖನ ಓದಿ, ತಾವೇ ತೀರ ಕಾಯೋಕೆ ನಿಂತರು. (ಮುಂದೆ ಮರಳುಗಾರಿಕೆ, ಕೊರೆತದಿಂದ ಅವರ ತೀರವೇ ಕರಗಿತು ಅನ್ನೋದು ಬೇರೆ ಸಂಕಟ.) ನಮ್ಮ ಕುಂದಾಪುರದಲ್ಲಿ ಎಫ್‌ಎಸ್‌ಎಲ್ ಇಂಡಿಯಾ ಸಂಸ್ಥೆಯವರು 2000ದ ದಶಕದಲ್ಲಿ ಮೀನುಗಾರರ ಜೊತೆ ಸೇರಿ ಗೂಡು ಕಾಯೋ ಕೆಲಸ ಮಾಡಿದರು. 2024ರ ಶುರುವಿನಲ್ಲಿ ಮಂಗಳೂರಿನ ಸಸಿಹಿತ್ಲು, ತಣ್ಣೀರುಬಾವಿ ಕಡೆಯೂ ಗೂಡುಗಳು ಸಿಕ್ಕವು.

ಮೀನುಗಾರರಿಗೆ ಇದರಲ್ಲಿ ನಷ್ಟವೂ ಇದೆ. ಬಲೆಗೆ ಆಮೆ ಸಿಕ್ಕಿದರೆ ಹೊರಗೆ ಹೋಗಲು ಬಾಗಿಲಿರುವ ಸಾಧನ ಕಟ್ಟಿಲ್ಲ ಅಂತ ಅಮೆರಿಕ ಸಿಗಡಿ ಕೊಳ್ಳೋದನ್ನ ನಿಲ್ಲಿಸಿದಾಗ ಭಾರತ, ಪಾಕಿಸ್ತಾನ, ಮಲೇಷ್ಯಾ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಗೆ ಹೋದವು. 1998ರಲ್ಲಿ ಅಮೆರಿಕ ತಾರತಮ್ಯ ಮಾಡಿದೆ ಅಂತ ತೀರ್ಪೂ ಬಂತು. ಆದರೂ 2019ರಲ್ಲಿ ನಮ್ಮ ಸಮುದ್ರದಲ್ಲಿ ಹಿಡಿದ ಸಿಗಡಿಗೆ ಅದೇ ಕಾರಣಕ್ಕೆ ಮತ್ತೆ ನಿರ್ಬಂಧ ಬಿತ್ತು. ಎಲ್ಲೋ ವಾಷಿಂಗ್ಟನ್‌ನಲ್ಲಿ ಕೂತವರು ಆಮೆ ಪರ ಮಾತಾಡಿದ್ರೆ ಇಲ್ಲಿ ಬಲೆ ಎಳೆಯೋನ ಹೊಟ್ಟೆಗೆ ಏಟು.

ಆದರೆ ಟೊಂಕದಲ್ಲಿ ಲೆಕ್ಕ ತಿರುಗಾಮುರುಗ ಆಗಿದೆ. ಅಲ್ಲಿ ಖಾಸಗಿ ಬಂದರು ಕಟ್ಟುವ ಯೋಜನೆಗೆ ಮೀನುಗಾರರು ವರ್ಷಗಳಿಂದ ವಿರೋಧ ಮಾಡ್ತಿದ್ದಾರೆ. ಬಂದರಿಗೆ ರಸ್ತೆ ಬೇಕು, ರಸ್ತೆ ಹೋಗೋದು ಮನೆಗಳ ಪಕ್ಕ, ಮೀನು ಒಣಗಿಸೋ ಮರಳಿನ ಮೇಲೆ. ಅಲ್ಲಿ ಆಮೆ ಮೊಟ್ಟೆ ಇಡುತ್ತೋ ಇಲ್ಲವೋ ಅನ್ನೋದೇ ಈ ಜಗಳದ ದೊಡ್ಡ ಪ್ರಶ್ನೆ ಆಯ್ತು, ಕೋರ್ಟು ಮೆಟ್ಟಿಲೂ ಹತ್ತಿತು. ಹತ್ತಿರದ್ದೇ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬೇರೆ ಸಿಕ್ಕಿದೆ. "ನಮ್ಮ ಮಾತಿಗೆ ಬೆಲೆ ಇಲ್ಲ, ಅದರ ಮೊಟ್ಟೆಗೆ ಉಂಟು" ಅಂದ್ರು ಅಜ್ಜ, ನಗ್ತಾ. ಅವರು ರಾತ್ರಿಯೆಲ್ಲ ಎದ್ದು ಗೂಡು ಹುಡುಕೋದು ಯಾಕೆ ಅಂತ ಆಗ ಗೊತ್ತಾಯ್ತು.

"ನೀವು ಬಳ್ಳಾರಿಯವರಲ್ಲವಾ?" ಅಂತ ಕೇಳಿದ್ರು ಆಮೇಲೆ. ಹೌದು ಅಂದೆ. "ನಿಮ್ಮ ಮಣ್ಣು ಆಗ ಬೇಲೇಕೇರಿಗೆ ಬರ್ತಿತ್ತು."

ಏನು ಹೇಳಲಿ? ನಮ್ಮ ಕಡೆ ಆ ದುಡ್ಡಲ್ಲಿ ಮನೆ ಕಟ್ಟಿದವರೂ ಇದ್ದಾರೆ, ಆ ಧೂಳಲ್ಲಿ ಹೊಲ ಕಳ್ಕೊಂಡವರೂ ಇದ್ದಾರೆ. ಎರಡೂ ಹೇಳಿದೆ. ತಲೆ ಆಡಿಸಿದರು.

ಬೆಳಿಗ್ಗೆ ಅರಣ್ಯ ಇಲಾಖೆಯವರು ಬಂದು ಗೂಡಿನ ಸುತ್ತ ಬಲೆ ಕಟ್ಟಿ ತಾರೀಖು ಬರೆದ ಹಲಗೆ ನೆಟ್ಟರು. ಮರಿ ಹೊರಬರೋಕೆ 45ರಿಂದ 60 ದಿನ. ಮರಳಿನ ಬಿಸಿ ಹೆಚ್ಚಿದ್ದರೆ ಹೆಣ್ಣು ಹೆಚ್ಚು, ತಂಪಿದ್ದರೆ ಗಂಡು ಹೆಚ್ಚು. ಮಗ ಊರಿಗೆ ಬಂದವನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟ.

ಐವತ್ತೊಂದನೇ ದಿನ ಬೆಳಿಗ್ಗೆ ಅಜ್ಜನ ಮೊಮ್ಮಗ ಫೋನ್ ಮಾಡಿದ. ಎಂಬತ್ತಾರು ಮರಿ ನೀರಿಗೆ ಹೋದವು ಅಂತ. ವಿಡಿಯೋ ಕಳಿಸು ಅಂದ ನನ್ನ ಮಗ. "ಕತ್ತಲು ಇತ್ತು, ಲೈಟ್ ಹಾಕ್ಲಿಲ್ಲ" ಅಂದನಂತೆ ಅವನು.