ಎರಡು ಆರುನೂರರ ನಡುವೆ

೨೦೧೯ರಲ್ಲಿ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಮೇನ್‌ಫ್ರೇಮ್ ತಂಡ. ಜೊತೆಗೆ ಸೇರಿದ ಗೆಳೆಯರೆಲ್ಲ ಪೈಥಾನು, ಮಷೀನ್ ಲರ್ನಿಂಗು ಅಂತ ಕುಣಿದಾಡುತ್ತಿದ್ದರೆ ನಾನು ಮೂಲೆಯಲ್ಲಿ ಕೂತು ಕೋಬಾಲ್ ಕಲಿಯುತ್ತಿದ್ದೆ. ನಮ್ಮಪ್ಪನಿಗಿಂತ ವಯಸ್ಸಾದ ಭಾಷೆ ಅದು! ಸಂಜೆ ಮನೆಗೆ ಫೋನ್ ಮಾಡಿ ಬೇಜಾರು ತೋಡಿಕೊಂಡರೆ ಅಪ್ಪ, "ಹಳೇದಾದ್ರೇನಂತೆ, ಸಂಬಳ ಹೊಸದಲ್ವೇನೋ" ಅಂದಿದ್ದರು.

೨೦೨೦ರ ಏಪ್ರಿಲ್ ಮೊದಲ ವಾರ. ಲಾಕ್‌ಡೌನು. ಊರಿನ ಮನೆಯ ಅಟ್ಟದ ಮೇಲೆ, ಸಿಗ್ನಲ್ ಸಿಗುವ ಒಂದೇ ಕಿಟಕಿಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ನ್ಯೂಜೆರ್ಸಿಯಲ್ಲಿರುವ ದೊಡ್ಡಮ್ಮನ ಮಗನ ಮೆಸೇಜ್ ಬಂತು: "ನೋಡೋ, ನಮ್ಮ ಗವರ್ನರ್ ನಿನ್ನಂಥೋರನ್ನ ಹುಡುಕ್ತಿದಾನೆ!" ತಮಾಷೆ ಅಂದುಕೊಂಡೆ. ಅಲ್ಲ. ಗವರ್ನರ್ ಫಿಲ್ ಮರ್ಫಿ ನಿಜಕ್ಕೂ ಪತ್ರಿಕಾಗೋಷ್ಠಿಯಲ್ಲಿ ಕೂತು, ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕು ಅಂತ ಕೇಳಿದ್ದರು. ಕೆಲಸ ಕಳೆದುಕೊಂಡವರ ಅರ್ಜಿಗಳು ರಾಶಿ ರಾಶಿಯಾಗಿ ಬರುತ್ತಿದ್ದವು, ಅವನ್ನು ನಿಭಾಯಿಸಬೇಕಾದ ಸರ್ಕಾರಿ ಯಂತ್ರಗಳು ನಲವತ್ತು ವರ್ಷಕ್ಕೂ ಹಳೆಯವು.

ಅವತ್ತಿನಿಂದ ಹಿಡಿದ ಗೀಳು ಇದು. ಜಗತ್ತಿನ ಅತಿ ಶ್ರೀಮಂತ ದೇಶ ತನ್ನ ಜನರ ಕೈಗೆ ದುಡ್ಡು ಕೊಡಲು ಹೊರಟಾಗ ಏನೇನಾಯಿತು ಅಂತ ಬಿಡುವಾದಾಗೆಲ್ಲ ಓದುತ್ತಾ ಬಂದಿದ್ದೇನೆ. ಈಗ ಅದೆಲ್ಲ ಇತಿಹಾಸವಾಗಿದೆ, ಬರೆಯಬಹುದು ಅನ್ನಿಸಿತು.

ಮೊದಲು ಒಂದು ಲೆಕ್ಕ. ಒಂದು ಟ್ರಿಲಿಯನ್ ಅಂದರೆ ನಮ್ಮ ಒಂದು ಲಕ್ಷ ಕೋಟಿ. ೨೦೨೦ರ ಮಾರ್ಚ್ ೨೭ರಂದು ಟ್ರಂಪ್ ಸಹಿ ಹಾಕಿದ 'ಕೇರ್ಸ್' ಕಾಯ್ದೆಯ ಮೊತ್ತ ಸುಮಾರು ೨.೨ ಟ್ರಿಲಿಯನ್ ಡಾಲರ್. ರೂಪಾಯಿ ಅಲ್ಲ, ಡಾಲರ್! ದೊಡ್ಡವರಿಗೆ ತಲಾ ೧,೨೦೦ ಡಾಲರ್, ಮಕ್ಕಳಿಗೆ ೫೦೦. ಸಣ್ಣ ಉದ್ಯಮಗಳು ನೌಕರರನ್ನು ತೆಗೆಯದಿರಲಿ ಅಂತ ೩೪೯ ಬಿಲಿಯನ್ ಸಾಲ. ಕೆಲಸ ಹೋದವರಿಗೆ ರಾಜ್ಯಗಳು ಕೊಡುವ ಭತ್ಯೆಯ ಮೇಲೆ ವಾರಕ್ಕೆ ೬೦೦ ಡಾಲರ್ ಹೆಚ್ಚುವರಿ.

ಈ ಆರುನೂರು ಎಲ್ಲಿಂದ ಬಂತು? ಇಲ್ಲೇ ನನ್ನ ಹಳೇ ಕೋಬಾಲ್ ಬರುವುದು. ಕೆಲಸ ಹೋದವನಿಗೆ ಅವನ ಸಂಬಳದಷ್ಟೇ ಸಿಗುವ ಹಾಗೆ ಮಾಡಿದರೆ ಸರಿ ಅಂತ ಮೊದಲು ಯೋಚನೆಯಿತ್ತು. ಆದರೆ ಪ್ರತಿಯೊಬ್ಬರ ಹಳೆ ಸಂಬಳ ನೋಡಿ ಶೇಕಡಾವಾರು ಲೆಕ್ಕ ಹಾಕುವ ಹಾಗೆ ರಾಜ್ಯಗಳ ಯಂತ್ರಗಳನ್ನು ಬದಲಾಯಿಸಲು ತಿಂಗಳುಗಟ್ಟಲೆ ಬೇಕಿತ್ತು. ಹಾಗಾಗಿ ಸರಾಸರಿ ವಾರದ ಸಂಬಳದಲ್ಲಿ ಸರಾಸರಿ ಭತ್ಯೆಯನ್ನು ಕಳೆದರು. ಉಳಿದದ್ದು ಸುಮಾರು ಆರುನೂರು. ಎಲ್ಲರಿಗೂ ಅದೇ ಇರಲಿ ಅಂದರು! ನಾವು ಪ್ರೊಡಕ್ಷನ್‌ನಲ್ಲಿ ತೊಂದರೆಯಾದಾಗ ರಾತ್ರೋರಾತ್ರಿ ಒಂದು ನಂಬರನ್ನು ಹಾರ್ಡ್‌ಕೋಡ್ ಮಾಡಿ, "ಆಮೇಲೆ ಸರಿ ಮಾಡೋಣ" ಅಂತೀವಲ್ಲ, ಥೇಟ್ ಹಾಗೆ.

ಆತುರಕ್ಕೆ ಕಾರಣವೂ ಇತ್ತು. ಅಮೆರಿಕದಲ್ಲಿ ಒಂದೇ ವಾರದಲ್ಲಿ ನಿರುದ್ಯೋಗ ಭತ್ಯೆಗೆ ಬಂದ ಹೊಸ ಅರ್ಜಿಗಳ ಅಲ್ಲಿಯವರೆಗಿನ ದಾಖಲೆ ೧೯೮೨ರದ್ದು, ಏಳು ಲಕ್ಷಕ್ಕೆ ಸ್ವಲ್ಪ ಕಡಿಮೆ. ೨೦೨೦ರ ಮಾರ್ಚ್ ೨೧ಕ್ಕೆ ಮುಗಿದ ವಾರದಲ್ಲಿ ಬಂದದ್ದು ಮೂವತ್ತೆರಡು ಲಕ್ಷಕ್ಕೂ ಹೆಚ್ಚು. ಮುಂದಿನ ವಾರ ಅದರ ದುಪ್ಪಟ್ಟು!

ಇಷ್ಟಾದರೂ ಚೌಕಾಶಿ ತಪ್ಪಲಿಲ್ಲ. ಸೆನೆಟ್‌ನಲ್ಲಿ ರಿಪಬ್ಲಿಕನ್ನರಿಗೆ ೫೩ ಸ್ಥಾನ, ಮಸೂದೆಯನ್ನು ಮುಂದಕ್ಕೆ ತಳ್ಳಲು ೬೦ ಮತ ಬೇಕು. ಮಾರ್ಚ್ ೨೨ರ ಮತದಾನ ೪೭-೪೭. ಅವತ್ತೇ ಸೆನೆಟರ್ ರ‍್ಯಾಂಡ್ ಪಾಲ್‌ಗೆ ಕೊರೊನಾ ಅಂತ ಗೊತ್ತಾಗಿ, ಅವರ ಜೊತೆ ಓಡಾಡಿದವರೂ ಮನೆ ಸೇರಿದ್ದರು. ಮರುದಿನವೂ ೬೦ ಆಗಲಿಲ್ಲ. ಡೆಮಾಕ್ರಟರ ತಕರಾರು ದೊಡ್ಡ ಕಂಪನಿಗಳಿಗೆಂದು ತೆಗೆದಿಟ್ಟ ೫೦೦ ಬಿಲಿಯನ್ ಮೇಲೆ. ಖಜಾನೆ ಕಾರ್ಯದರ್ಶಿ ತನಗಿಷ್ಟ ಬಂದವರಿಗೆ ಹಂಚಿದರೆ ಕೇಳುವವರು ಯಾರು ಅಂತ. ಕೊನೆಗೆ ಅದರ ಮೇಲೆ ಕಣ್ಣಿಡಲು ವಿಶೇಷ ತನಿಖಾಧಿಕಾರಿ, ಸಂಸತ್ತಿನದೇ ಒಂದು ಉಸ್ತುವಾರಿ ಆಯೋಗ ಸೇರಿಕೊಂಡವು. ಅಧ್ಯಕ್ಷರ ಕುಟುಂಬದ ವ್ಯವಹಾರಗಳಿಗೆ ಅದರಿಂದ ಸಾಲ ಕೂಡದು ಅಂತಲೂ ಆಯಿತು.

ಕೊನೇ ಗಳಿಗೆಯಲ್ಲಿ ಕೆಲವು ರಿಪಬ್ಲಿಕನ್ನರು ಆರುನೂರಕ್ಕೇ ಅಡ್ಡ ನಿಂತರು. ಸಂಬಳಕ್ಕಿಂತ ಹೆಚ್ಚು ಭತ್ಯೆ ಸಿಕ್ಕರೆ ಯಾರು ಕೆಲಸಕ್ಕೆ ಬರುತ್ತಾರೆ ಅಂತ. ವಾದ ಪೂರ್ತಿ ಹುರುಳಿಲ್ಲದ್ದೇನಲ್ಲ, ಅರ್ಧಕ್ಕಿಂತ ಹೆಚ್ಚು ಜನರಿಗೆ ಹಳೆ ಸಂಬಳಕ್ಕಿಂತ ಹೆಚ್ಚೇ ಸಿಗುತ್ತಿತ್ತು ಅಂತ ಆಮೇಲಿನ ಲೆಕ್ಕಗಳೂ ಹೇಳಿದವು. ಬೆನ್ ಸ್ಯಾಸ್ ತಂದ ತಿದ್ದುಪಡಿ ೪೮-೪೮ರಲ್ಲಿ ಬಿದ್ದುಹೋಯಿತು. ಆಮೇಲೆ ಮಾರ್ಚ್ ೨೫ರ ಸರಿರಾತ್ರಿಯ ಹೊತ್ತಿಗೆ ಮಸೂದೆ ೯೬-೦ರಲ್ಲಿ ಪಾಸಾಯಿತು. ಬಾಯ್ತುಂಬಾ ಬೈದಾಡಿಕೊಂಡವರೆಲ್ಲ ಒಂದೇ ಕಡೆ ಮತ ಹಾಕಿದ್ದರು!

ನಮ್ಮಲ್ಲಿ ಆಗ ಮಾರ್ಚ್ ೨೬ರ ಬೆಳಿಗ್ಗೆ. ಅದೇ ಮಧ್ಯಾಹ್ನ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋಗಿದ್ದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ೧.೭೦ ಲಕ್ಷ ಕೋಟಿ ರೂಪಾಯಿಯ ಗರೀಬ್ ಕಲ್ಯಾಣ್ ಪ್ಯಾಕೇಜ್ ಘೋಷಿಸಿದರು. ಸಂಸತ್ತು ಮಾರ್ಚ್ ೨೩ಕ್ಕೇ ಅನಿರ್ದಿಷ್ಟ ಕಾಲ ಮುಂದಕ್ಕೆ ಹೋಗಿತ್ತು. ಹಾಗಾಗಿ ನಮ್ಮಲ್ಲಿ ಮತವೂ ಇಲ್ಲ, ಚೌಕಾಶಿಯೂ ಇಲ್ಲ, ಒಂದು ಪತ್ರಿಕಾಗೋಷ್ಠಿಯಲ್ಲಿ ಮುಗಿಯಿತು. ಯಾವುದು ಒಳ್ಳೆಯದು ಅಂತ ತಕ್ಷಣ ತೀರ್ಪು ಕೊಡಬೇಡಿ. ನಾನೂ ಕೊಡೋಲ್ಲ.

ಅಣ್ಣನ ವಿಷಯಕ್ಕೆ ಬರೋಣ. ಅವನದು ಎಚ್-೧ಬಿ ವೀಸಾ, ಅತ್ತಿಗೆಯದು ಎಚ್-೪. ಮಗಳು ಅಲ್ಲೇ ಹುಟ್ಟಿದವಳು, ಅಮೆರಿಕದ ಪ್ರಜೆ. ವರ್ಷಗಟ್ಟಲೆ ತೆರಿಗೆ ಕಟ್ಟಿದ್ದಾರೆ, ವರಮಾನವೂ ಮಿತಿಯೊಳಗೇ ಇತ್ತು. ಎರಡು ಸಾವಿರದ ಒಂಬೈನೂರು ಡಾಲರ್ ಬರುತ್ತೆ ಅಂತ ಲೆಕ್ಕ ಹಾಕಿಕೊಂಡಿದ್ದ. ಬಂದದ್ದು ಸೊನ್ನೆ.

"ಯಾಕಣ್ಣಾ?" ಅಂದೆ.

"ನಿಮ್ಮತ್ತಿಗೆ ಹತ್ರ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ವಲ್ಲೋ. ಟ್ಯಾಕ್ಸಿಗೆ ಬೇರೆ ನಂಬರ್ ಕೊಟ್ಟಿದಾರೆ. ಗಂಡ ಹೆಂಡ್ತಿ ಜೊತೆಗೆ ರಿಟರ್ನ್ ಹಾಕಿದ್ರೆ, ಒಬ್ಬರಿಗೆ ಇಲ್ಲಾಂದ್ರೂ ಮನೆಗೇ ಇಲ್ವಂತೆ. ಪಾಪುಗೂ ಇಲ್ಲ."

ಕೆಲಸದ ಅನುಮತಿ ಇಲ್ಲದ ಎಚ್-೪ನವರಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೊಡುವುದಿಲ್ಲ. ಕಾಯ್ದೆಯ ಆ ಒಂದು ಕಂಡೀಷನ್ನಿನಿಂದ, ವಲಸಿಗರನ್ನು ಮದುವೆಯಾದ ಅಮೆರಿಕನ್ ಪ್ರಜೆಗಳಿಗೂ ಹೀಗೇ ಆಯಿತು. ಇನ್ನೊಂದು ಕಡೆ, ಸತ್ತವರ ಹೆಸರಿಗೆ ಸುಮಾರು ಹನ್ನೊಂದು ಲಕ್ಷ ಪಾವತಿಗಳು ಹೋಗಿದ್ದವು ಅಂತ ಅವರದೇ ಲೆಕ್ಕಪರಿಶೋಧಕರು ಜೂನ್‌ನಲ್ಲಿ ವರದಿ ಕೊಟ್ಟರು. ಅಣ್ಣ ನಕ್ಕು, "ಬದುಕಿರೋದೇ ತಪ್ಪಾಯ್ತು ನೋಡು" ಅಂದ. ಆ ನಗುವಿನ ಹಿಂದೆ ಏನಿತ್ತು ಅಂತ ನನಗೆ ಗೊತ್ತು. ಅವರ ಕಂಪನಿಯಲ್ಲಿ ಆಗ ಜನರನ್ನು ತೆಗೆಯುತ್ತಿದ್ದರು, ಕೆಲಸ ಹೋದರೆ ಎಚ್-೧ಬಿಯವನಿಗೆ ಇರುವುದು ಅರವತ್ತು ದಿನ.

ಕಾಯ್ದೆಯಲ್ಲಿ ಆರುನೂರು ಡಾಲರಿಗೆ ಕೊನೇ ದಿನಾಂಕವೂ ಇತ್ತು. ಜುಲೈ ಕೊನೆ. ಅಷ್ಟರಲ್ಲಿ ಕೊರೊನಾ ಹೋಗಿರುತ್ತೆ ಅನ್ನುವುದು ಆಗಿನ ಅಂದಾಜು. ಮೇ ೧೫ರಂದು ಡೆಮಾಕ್ರಟರ ಕೈಲಿದ್ದ ಕೆಳಮನೆ ಮೂರು ಟ್ರಿಲಿಯನ್ ಡಾಲರಿನ 'ಹೀರೋಸ್' ಮಸೂದೆಯನ್ನು ೨೦೮-೧೯೯ರಲ್ಲಿ ಪಾಸು ಮಾಡಿತು. ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್ ಆತುರವೇನಿಲ್ಲ ಅಂತ ಕೂತರು. ಅವರ ಪಕ್ಷ ತನ್ನ ಒಂದು ಟ್ರಿಲಿಯನ್ನಿನ 'ಹೀಲ್ಸ್' ಪ್ರಸ್ತಾಪ ಇಟ್ಟದ್ದು ಜುಲೈ ೨೭ಕ್ಕೆ, ಗಡುವಿಗೆ ನಾಲ್ಕು ದಿನ ಇರುವಾಗ! ಅದರಲ್ಲಿ ಆರುನೂರು ಇಳಿದು ಇನ್ನೂರಾಗಿತ್ತು.

ಎರಡೂ ಕಡೆ ಒಂದೊಂದು ಹಠ. ಸ್ಪೀಕರ್ ನ್ಯಾನ್ಸಿ ಪೆಲೋಸಿಗೆ ರಾಜ್ಯಗಳಿಗೆ, ನಗರಗಳಿಗೆ ದೊಡ್ಡ ನೆರವು ಬೇಕು. ಅದು ಡೆಮಾಕ್ರಟರ ರಾಜ್ಯಗಳ ಹಳೇ ಸಾಲ ತೀರಿಸುವ ಹುನ್ನಾರ ಅನ್ನುವುದು ಮೆಕಾನಲ್ ಕಡೆಯವರ ಮಾತು. ಮೆಕಾನಲ್‌ಗೆ ಬೇಕಾದದ್ದು, ಕೊರೊನಾ ತಗುಲಿತು ಅಂತ ನೌಕರರೋ ಗಿರಾಕಿಗಳೋ ಕೇಸು ಹಾಕದಂತೆ ಉದ್ಯಮಗಳಿಗೆ ರಕ್ಷಣೆ. ಅದು ಮಾಲೀಕರಿಗೆ ಕೊಟ್ಟ ವಿನಾಯ್ತಿ ಅನ್ನುವುದು ಡೆಮಾಕ್ರಟರ ಮಾತು. ಆಗಸ್ಟ್ ೭ಕ್ಕೆ ಮಾತುಕತೆ ಮುರಿದುಬಿತ್ತು. ಮರುದಿನ ಟ್ರಂಪ್, ವಿಕೋಪ ಪರಿಹಾರ ನಿಧಿಯಿಂದ ೪೪ ಬಿಲಿಯನ್ ತೆಗೆದು ವಾರಕ್ಕೆ ಮುನ್ನೂರು ಕೊಡುವ ಆದೇಶಕ್ಕೆ ಸಹಿ ಹಾಕಿದರು. ಅದು ಕೆಲವೇ ವಾರಗಳಿಗೆ ಸಾಲುವಷ್ಟಿತ್ತು.

ಆಮೇಲಿನದು ಪೂರ್ತಿ ಚುನಾವಣೆಯ ನೆರಳು. ಸೆಪ್ಟೆಂಬರ್ ೧೦ಕ್ಕೆ ಸೆನೆಟ್‌ನಲ್ಲಿ ಸಣ್ಣ ಮಸೂದೆಗೆ ೫೨ ಮತ, ೬೦ ಆಗಲಿಲ್ಲ. ಅಕ್ಟೋಬರ್ ೬ರಂದು ಟ್ರಂಪ್ ಚುನಾವಣೆ ಮುಗಿಯುವ ತನಕ ಮಾತುಕತೆ ಬಂದ್ ಅಂತ ಟ್ವೀಟ್ ಮಾಡಿ, ಅದೇ ರಾತ್ರಿ ಮಾತು ಬದಲಿಸಿದರು. ಮೂರು ದಿನದಲ್ಲಿ ಅವರ ಕಡೆಯಿಂದಲೇ ೧.೮ ಟ್ರಿಲಿಯನ್ನಿನ ಪ್ರಸ್ತಾಪ ಬಂತು. ಪೆಲೋಸಿ ಸಾಲದು ಅಂದರು, ಮೆಕಾನಲ್ ಕಡೆಯವರು ಜಾಸ್ತಿಯಾಯಿತು ಅಂದರು. ಆಗ ಒಪ್ಪಿದ್ದರೆ? ಗೊತ್ತಿಲ್ಲ. ಸೆನೆಟ್ ಅದನ್ನೂ ಬೀಳಿಸುತ್ತಿತ್ತೇನೋ.

ಕೊನೆಗೆ ಡಿಸೆಂಬರ್ ೧ರಂದು ಜೋ ಮ್ಯಾಂಚಿನ್, ಸೂಸನ್ ಕಾಲಿನ್ಸ್ ಮೊದಲಾದ ಎರಡೂ ಪಕ್ಷಗಳವರು ಸೇರಿ ೯೦೮ ಬಿಲಿಯನ್ನಿನ ಪ್ರಸ್ತಾಪ ಮುಂದಿಟ್ಟರು. ಬೀಗ ತೆರೆದದ್ದು ಹೇಗೆ ಗೊತ್ತಾ? ಪೆಲೋಸಿಯ ರಾಜ್ಯಗಳ ನೆರವು, ಮೆಕಾನಲ್ಲರ ಕೇಸು ರಕ್ಷಣೆ ಎರಡನ್ನೂ ಪಕ್ಕಕ್ಕಿಟ್ಟರು. ಅಷ್ಟೇ! ಐದು ತಿಂಗಳು ಯಾವೆರಡಕ್ಕಾಗಿ ಹಗ್ಗ ಜಗ್ಗಾಡಿದ್ದರೋ ಆ ಎರಡೂ ಕೊನೆಯಲ್ಲಿ ಇರಲಿಲ್ಲ. ಡಿಸೆಂಬರ್ ೨೧ಕ್ಕೆ, ಸರ್ಕಾರದ ವಾರ್ಷಿಕ ಖರ್ಚಿನ ಮಸೂದೆಗೂ ಸೇರಿಸಿ ೫,೫೯೩ ಪುಟಗಳ ಕಟ್ಟು ಎರಡೂ ಮನೆಗಳಲ್ಲಿ ಪಾಸಾಯಿತು. ಟ್ರಂಪ್ ತಲಾ ಎರಡು ಸಾವಿರ ಡಾಲರ್ ಬೇಕು ಅಂತ ಸಹಿ ಹಾಕದೆ ಕೂತರು. ೨೬ಕ್ಕೆ ನಿರುದ್ಯೋಗ ಯೋಜನೆಗಳ ಅವಧಿ ಮುಗಿದೇಹೋಯಿತು. ೨೭ರ ರಾತ್ರಿ ಸಹಿ ಬಿತ್ತು.

ಈ ಸಲ ತಲಾ ಎಷ್ಟು? ಆರುನೂರು! ಮಾರ್ಚ್‌ನಲ್ಲಿ ವಾರಕ್ಕೆ ಆರುನೂರು, ಡಿಸೆಂಬರ್‌ನಲ್ಲಿ ಒಂದೇ ಸಲಕ್ಕೆ ಆರುನೂರು. ವಾರದ ಹೆಚ್ಚುವರಿ ಮುನ್ನೂರಾಗಿತ್ತು.

ಆದರೆ ಆ ೫,೫೯೩ ಪುಟಗಳ ನಡುವೆ ಒಂದು ಸಣ್ಣ ಬಗ್ ಫಿಕ್ಸ್ ಇತ್ತು. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ನಂಬರ್ ಇದ್ದರೂ ಅವರಿಗೆ, ನಂಬರ್ ಇರುವ ಮಕ್ಕಳಿಗೆ ನೆರವು ಸಿಗುತ್ತದೆ, ಹಿಂದಿನ ಕಂತಿಗೂ ಅನ್ವಯ ಅಂತ. ಅಣ್ಣನಿಗೂ ಮಗಳಿಗೂ ಬರಬೇಕಾದದ್ದು ೨೦೨೧ರಲ್ಲಿ ಟ್ಯಾಕ್ಸ್ ರಿಟರ್ನ್ ಹಾಕಿದ ಮೇಲೆ ಬಂತು. ಅತ್ತಿಗೆಯ ಪಾಲು ಬರಲಿಲ್ಲ. "ಮನೆ ಕೆಲಸ ಪೂರ್ತಿ ನಂದು, ಲೆಕ್ಕದಲ್ಲಿ ಮಾತ್ರ ನಾನಿಲ್ಲ ನೋಡಿ" ಅಂತ ಅತ್ತಿಗೆ ಹೇಳಿದ್ದು ಈಗಲೂ ನೆನಪಿದೆ.

೨೦೨೧ರ ಜನವರಿಯಲ್ಲಿ ಜಾರ್ಜಿಯಾದ ಎರಡು ಸ್ಥಾನ ಗೆದ್ದು ಡೆಮಾಕ್ರಟರು ಸೆನೆಟ್ ಹಿಡಿದರು. ಮಾರ್ಚ್‌ನಲ್ಲಿ ೧.೯ ಟ್ರಿಲಿಯನ್ನಿನ ಇನ್ನೊಂದು ಕಾಯ್ದೆ ಬಂತು. ಬಜೆಟ್ ದಾರಿಯಲ್ಲಿ ತಂದಿದ್ದರಿಂದ ೬೦ ಮತ ಬೇಕಿರಲಿಲ್ಲ, ೫೦-೪೯ರಲ್ಲಿ ಪಾಸು, ರಿಪಬ್ಲಿಕನ್ನರ ಮತ ಒಂದೂ ಇಲ್ಲ. ವರ್ಷದ ಹಿಂದೆ ೯೬-೦ ಇದ್ದದ್ದು ಇಲ್ಲಿಗೆ ಬಂದು ನಿಂತಿತ್ತು. ಅದರಲ್ಲಿ ಮಕ್ಕಳಿಗೆ ಹೆಚ್ಚಿಸಿದ ತೆರಿಗೆ ನೆರವೂ ಇತ್ತು. ತೆರಿಗೆ ಮತ್ತು ಸರ್ಕಾರಿ ನೆರವನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆಯಲ್ಲಿ ಮಕ್ಕಳ ಬಡತನ ೨೦೨೧ರಲ್ಲಿ ಶೇ. ೫.೨ಕ್ಕೆ ಇಳಿಯಿತು. ಒಂದೇ ವರ್ಷಕ್ಕಿದ್ದ ಆ ಹೆಚ್ಚಳ ಮುಗಿದ ಮೇಲೆ, ೨೦೨೨ರಲ್ಲಿ, ಶೇ. ೧೨.೪. ಇಷ್ಟೊಂದು ದುಡ್ಡು ಸುರಿದದ್ದೇ ೨೦೨೨ರ ಬೆಲೆ ಏರಿಕೆಗೆ ಕಾರಣ ಅಂತ ಒಂದು ಕಡೆಯವರು, ಅದು ಎಷ್ಟು ಪಾಲು ಅಂತ ಇನ್ನೊಂದು ಕಡೆಯವರು ಇವತ್ತಿಗೂ ಜಗಳ ಆಡುತ್ತಿದ್ದಾರೆ.

ಇಷ್ಟೆಲ್ಲ ಓದಿದ ಮೇಲೆ ನನಗೆ ಚೌಕಾಶಿಯ ಮೇಲೆ ಸಿಟ್ಟಿಲ್ಲ. ೫೦೦ ಬಿಲಿಯನ್ ಮೇಲೆ ಕಾವಲು ಬಂದದ್ದು ಚೌಕಾಶಿಯಿಂದ. ಅಣ್ಣನ ಮಗಳ ಐನೂರು ಡಾಲರ್ ವಾಪಸ್ ಬಂದದ್ದೂ ಚೌಕಾಶಿಯಿಂದಲೇ. ಸಿಟ್ಟು ಇರುವುದು ಆ ದಿನಾಂಕಗಳ ಮೇಲೆ. ಜುಲೈ ೩೧, ಡಿಸೆಂಬರ್ ೨೬... ರೋಗಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ. ನೆರವನ್ನು ದಿನಾಂಕಕ್ಕೆ ಕಟ್ಟದೆ ನಿರುದ್ಯೋಗದ ಪ್ರಮಾಣಕ್ಕೆ ಕಟ್ಟಿ, ಅದು ಇಳಿದಂತೆ ನೆರವೂ ತಾನಾಗಿ ಇಳಿಯಲಿ ಅಂತ ಸೆನೆಟರ್‌ಗಳಾದ ಚಕ್ ಶೂಮರ್, ರಾನ್ ವೈಡನ್ ೨೦೨೦ರ ಜುಲೈನಲ್ಲೇ ಮಸೂದೆ ತಂದಿದ್ದರು. ಅದು ಮುಂದೆ ಹೋಗಲಿಲ್ಲ. ಕಾಲೇಜಿನ ಮೊದಲ ಸೆಮಿಸ್ಟರಿನಲ್ಲೇ ನಮಗೆ ಕಲಿಸುವ ಪಾಠ ಅದು: ಕೆಲಸ ಮುಗಿಯುವ ತನಕ ಲೂಪ್ ಓಡಬೇಕು, ಇಷ್ಟೇ ಸಲ ಅಂತ ಊಹಿಸಿ ನಿಲ್ಲಿಸಬಾರದು. ಆದರೆ ಗಡುವೇ ಇಲ್ಲದಿದ್ದರೆ ರಾಜಕಾರಣಿಗಳ ಕೈಲಿ ಚೌಕಾಶಿಗೆ ಏನು ಉಳಿಯುತ್ತೆ ಹೇಳಿ?

ಅಣ್ಣನ ಮಗಳಿಗೆ ಈಗ ಏಳು ವರ್ಷ. ಅತ್ತಿಗೆಗೆ ಹೋದ ವರ್ಷ ಕೆಲಸದ ಅನುಮತಿ ಬಂತು, ಜೊತೆಗೆ ಆ ನಂಬರೂ. ನಾನು ಇನ್ನೂ ಅದೇ ಕೋಬಾಲ್ ತಂಡದಲ್ಲೇ ಇದ್ದೇನೆ. ಮೊನ್ನೆ ಹೊಸದಾಗಿ ಸೇರಿದ ಹುಡುಗನೊಬ್ಬ ಮುಖ ಸಪ್ಪೆ ಮಾಡಿಕೊಂಡು, "ಸಾರ್, ಇದನ್ನ ಕಲಿತು ಏನ್ ಉಪಯೋಗ?" ಅಂತ ಕೇಳಿದ. ಕಾಫಿಗೆ ಕರೆದುಕೊಂಡು ಹೋಗಿ ಅವನಿಗೆ ಈ ಕಥೆ ಹೇಳಿದೆ.