ರಟ್ಲೆಂಡಿನ ಕೂಲಿ, ಮ್ಯಾಂಚೆಸ್ಟರಿನ ಸಾಹೇಬ

1842ರಲ್ಲಿ ಇಂಗ್ಲೆಂಡಿನ ಎಡ್ವಿನ್ ಚಾಡ್ವಿಕ್ ದುಡಿಯುವ ಜನರ ನೈರ್ಮಲ್ಯ ಸ್ಥಿತಿಯ ಬಗ್ಗೆ ಒಂದು ದಪ್ಪ ವರದಿ ಬರೆದ. ಅದರಲ್ಲಿರುವ ಕೆಲವು ಅಂಕಿಗಳು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿವೆ. ಸತ್ತವರ ಸರಾಸರಿ ವಯಸ್ಸು ಅದು, ಊರುವಾರು, ಕಸುಬುವಾರು. ಮ್ಯಾಂಚೆಸ್ಟರಿನಲ್ಲಿ ಸಾಹೇಬರ ಮನೆತನಗಳಿಗೆ 38, ವ್ಯಾಪಾರಿಗಳಿಗೆ 20, ಕೂಲಿಕಾರರಿಗೆ 17. ಲಿವರ್‌ಪೂಲಿನಲ್ಲಿ ಅದೇ ಕ್ರಮದಲ್ಲಿ 35, 22, 15. ಹಳ್ಳಿಗಾಡಾದ ರಟ್ಲೆಂಡಿನಲ್ಲಿ 52, 41, 38.

ನೋಡಿದಿರಾ? ರಟ್ಲೆಂಡಿನ ಹೊಲದ ಆಳಿಗೂ 38, ಮ್ಯಾಂಚೆಸ್ಟರಿನ ಸಾಹೇಬನಿಗೂ 38. ಊರು ಕೆಟ್ಟರೆ ದುಡ್ಡಿದ್ದವನಿಗೂ ಉಳಿಗಾಲವಿಲ್ಲ. ಆದರೆ ಯಾವ ಊರಿಗೆ ಹೋದರೂ ಕೂಲಿಯವನು ಮಾತ್ರ ಕೊನೆಯ ಮೆಟ್ಟಿಲಲ್ಲೇ.

ಹದಿನೇಳು ಅಂದರೆ ಕೂಲಿಗಳೆಲ್ಲ ಹದಿನೇಳಕ್ಕೇ ಸಾಯುತ್ತಿದ್ದರು ಅಂತಲ್ಲ. ಹುಟ್ಟಿದ ವರ್ಷದಲ್ಲೇ ತೀರಿಕೊಂಡ ಕೂಸುಗಳೂ ಆ ಲೆಕ್ಕದಲ್ಲಿ ಸೇರಿವೆ. ಈ ವಿಧಾನ ಸರಿಯಲ್ಲ, ಎರಡು ಊರುಗಳನ್ನು ಹೀಗೆ ಹೋಲಿಸಬಾರದು ಎಂದು ನೀಸನ್ ಎಂಬ ವಿಮಾ ಗಣಿತಜ್ಞ 1844ರಲ್ಲೇ ಎತ್ತಿ ತೋರಿಸಿದ್ದ. ಆಕ್ಷೇಪ ನ್ಯಾಯವಾದದ್ದೇ. ಆದರೂ ಕೂಲಿಯವರ ಮನೆಗಳಲ್ಲಿ ಅಷ್ಟೊಂದು ಕೂಸುಗಳು ಯಾಕೆ ಸಾಯುತ್ತಿದ್ದವು ಅನ್ನುವ ಪ್ರಶ್ನೆ ಅದರಿಂದ ಅಳಿಸಿಹೋಗಲಿಲ್ಲ.

ಚಾಡ್ವಿಕ್ ಕೊಟ್ಟ ಉತ್ತರ ಚರಂಡಿ. ಕೊಳಕು, ದುರ್ವಾಸನೆಯ ಗಾಳಿ, ಅದರಿಂದ ಜ್ವರ. ಕೂಲಿ ಸಾಲದು, ಹೊಟ್ಟೆ ತುಂಬುವುದಿಲ್ಲ ಅಂತ ಅವನು ಒತ್ತಿ ಹೇಳಲಿಲ್ಲ. ಹೇಗೆ ಹೇಳಿಯಾನು? ಬಡವರಿಗೆ ಸಿಗುವ ನೆರವನ್ನು ಬಿಗಿಮಾಡಿದ 1834ರ ಕಾನೂನನ್ನು ರೂಪಿಸಿದವರಲ್ಲಿ ಅವನೂ ಒಬ್ಬ! ಇರಲಿ, ಚರಂಡಿಯಿಂದ ಲಕ್ಷಾಂತರ ಜೀವ ಉಳಿದದ್ದು ಸುಳ್ಳಲ್ಲ.

ನೂರು ವರ್ಷ ಕಳೆಯುವಷ್ಟರಲ್ಲಿ ರೋಗಗಳೇ ಬದಲಾದವು. ಕಾಲರಾ ಹೋಯಿತು, ಹೃದಯಾಘಾತ ಬಂತು. ಅದು ಒತ್ತಡದಲ್ಲಿರುವ ದೊಡ್ಡ ಸಾಹೇಬರ ಕಾಯಿಲೆ ಎಂಬ ನಂಬಿಕೆ ಬೇರೆ. 1953ರಲ್ಲಿ ಜೆರ್ರಿ ಮಾರಿಸ್ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯ ಲೆಕ್ಕ ಹಿಡಿದ. ಕೂತೇ ಇರುವ ಡ್ರೈವರುಗಳಿಗೆ ಹೃದಯದ ಕಾಯಿಲೆ ಜಾಸ್ತಿ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಕಡಿಮೆ. (ಆಮೇಲೆ ಯೂನಿಫಾರಂ ಅಳತೆ ತೆಗೆಸಿ ನೋಡಿದಾಗ, ಡ್ರೈವರುಗಳ ಸೊಂಟ ಕೆಲಸಕ್ಕೆ ಸೇರುವಾಗಲೇ ದಪ್ಪಗಿತ್ತಂತೆ. ಸಂಶೋಧನೆ ಅಂದರೆ ಇಷ್ಟು ತಾಪತ್ರಯ.)

ಆ ನಂಬಿಕೆಯ ಬುಡ ಅಲ್ಲಾಡಿಸಿದ್ದು ವೈಟ್‌ಹಾಲ್ ಅಧ್ಯಯನ. 1967ರಲ್ಲಿ ಶುರುವಾಗಿ, ಲಂಡನ್ನಿನ ಹದಿನೇಳು ಸಾವಿರಕ್ಕೂ ಹೆಚ್ಚು ಸರ್ಕಾರಿ ಗಂಡಸು ನೌಕರರನ್ನು ವರ್ಷಗಟ್ಟಲೆ ಗಮನಿಸಿತು. ಇವರಲ್ಲಿ ಯಾರೂ ಹಸಿದವರಲ್ಲ, ಗಣಿಯಲ್ಲಿ ಧೂಳು ಕುಡಿದವರಲ್ಲ. ಎಲ್ಲರಿಗೂ ಖಾಯಂ ಕೆಲಸ, 1948ರಿಂದ ಉಚಿತ ಚಿಕಿತ್ಸೆ. ಆದರೂ 1978ರಲ್ಲಿ ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಕಾರ, ಹೃದಯ ರೋಗದಿಂದ ಸಾಯುವ ಪ್ರಮಾಣ ಮೇಲಧಿಕಾರಿಗಳಿಗಿಂತ ಕಡತ ಹೊರುವ ಜವಾನರಲ್ಲಿ 3.6 ಪಟ್ಟು! ನಡುವಿನ ಗುಮಾಸ್ತ ನಡುವಿನಲ್ಲೇ. ಅಂದರೆ ಇದು ಬಡವ-ಬಲ್ಲಿದರ ನಡುವಿನ ಒಂದು ಕಂದಕ ಅಲ್ಲ, ಮೆಟ್ಟಿಲು. ಒಂದೊಂದು ಮೆಟ್ಟಿಲು ಇಳಿದಂತೆ ಆಯಸ್ಸೂ ಇಳಿಯುತ್ತದೆ.

ಜವಾನರು ಬೀಡಿ ಸಿಗರೇಟು ಜಾಸ್ತಿ ಸೇದುತ್ತಾರೆ, ಅದಕ್ಕೇ ಅನ್ನುತ್ತೀರಾ? ಸೇದುತ್ತಿದ್ದದ್ದು ನಿಜ (ಬೀಡಿ ಅಲ್ಲ, ಸಿಗರೇಟು). ಆದರೆ ಸೇದದವರಲ್ಲೂ ಇದೇ ಅಂತರ ಕಂಡಿತು. ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲ ಕೂಡಿಸಿದರೂ ಅರ್ಧದಷ್ಟು ಅಂತರಕ್ಕೂ ಲೆಕ್ಕ ಸಿಗಲಿಲ್ಲ. 1985ರಲ್ಲಿ ಹೆಂಗಸರನ್ನೂ ಸೇರಿಸಿಕೊಂಡು ಎರಡನೇ ಅಧ್ಯಯನ ಶುರುವಾಯಿತು. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವರಿಗೆ ಹೃದಯ ರೋಗ ಹೆಚ್ಚು ಎಂದು ಅದು 1997ರಲ್ಲಿ ತೋರಿಸಿತು. "ಹೊಗೆ ಬಿಡಿ, ವಾಕಿಂಗ್ ಮಾಡಿ" ಅಂತ ಉಪದೇಶ ಮಾಡುವವರು ಇದನ್ನು ಓದಿದರೆ ಚೆನ್ನ.

ಈ ನಡುವೆ, ದೇಶಕ್ಕೆಲ್ಲ ಅನ್ವಯಿಸುವ ಲೆಕ್ಕ ಹಾಕಲು 1977ರಲ್ಲಿ ಸರ್ಕಾರವೇ ಸರ್ ಡಗ್ಲಾಸ್ ಬ್ಲ್ಯಾಕ್ ನೇತೃತ್ವದಲ್ಲಿ ತಂಡವೊಂದನ್ನು ಕೂರಿಸಿತ್ತು. ನಿವೃತ್ತಿಗೆ ಮೊದಲೇ ಸಾಯುವ ಸಂಭವ ಕೆಳಗಿನ ಕಸುಬಿನವರಲ್ಲಿ ಮೇಲಿನವರಿಗಿಂತ ಎರಡೂವರೆ ಪಟ್ಟು ಎಂದಿತು ವರದಿ. ಅಷ್ಟರಲ್ಲಿ ಥ್ಯಾಚರ್ ಸರ್ಕಾರ ಬಂದಿತ್ತು. 1980ರ ಆಗಸ್ಟಿನ ಸಾಲು ರಜೆಯ ಹೊತ್ತಿಗೆ, ಅಚ್ಚೂ ಹಾಕಿಸದೆ, ಬರೀ 260 ಪ್ರತಿ ಹೊರಬಿಟ್ಟರು. ಶಿಫಾರಸುಗಳಿಗೆ ದುಡ್ಡಿಲ್ಲ ಎಂದು ಮುನ್ನುಡಿಯಲ್ಲೇ ಮಂತ್ರಿ ಬರೆದಾಗಿತ್ತು. 1982ರಲ್ಲಿ ಪೆಂಗ್ವಿನ್‌ನವರು ಅದನ್ನೇ ಪುಸ್ತಕವಾಗಿ ತಂದರು, ಆಗ ಜನ ಕೊಂಡು ಓದಿದರು.